ಸಾವನದುರ್ಗ: ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ

ಸಾವನದುರ್ಗಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಅರ್ಧಕ್ಕೇ ವಾಪಸ್ ಬಂದೆ. ಏಪ್ರಿಲ್ ತಿಂಗಳು, ಮನೆಯಿಂದ ಹೊರಟಿದ್ದೇ ಒಂಬತ್ತಕ್ಕೆ. ಬೆಟ್ಟದ ಬುಡ ಸೇರುವಾಗ ಹನ್ನೊಂದಾಗಿತ್ತು. ಇಬ್ಬರಿಗೂ ಸೇರಿ ಒಂದು ಲೀಟರ್ ನೀರು. ಬೆಂಗಳೂರಿನ ಪಕ್ಕದ ಬೆಟ್ಟ ತಾನೇ ಅನ್ನುವ ಉಡಾಫೆ. ಸ್ವಲ್ಪ ಹೊತ್ತಿನಲ್ಲೇ ಬಂಡೆ ಕಾವಲಿಯ ಹಾಗೆ ಕಾದಿತ್ತು. ಕೂರೋಣ ಅಂದರೆ ಅಂಗೈಯಗಲ ನೆರಳಿಲ್ಲ. ಸುಮ್ನೆ ಇಳಿದು ಬಂದೆವು.

ಕಳೆದ ನವೆಂಬರ್‌ನಲ್ಲಿ ಅಕ್ಕನ ಮಗನನ್ನು ಕಟ್ಟಿಕೊಂಡು ಮತ್ತೆ ಹೋದೆ. ಈ ಸಲ ಬೆಳಗ್ಗೆ ಐದೂವರೆಗೇ ವಿಜಯನಗರ ಬಿಟ್ಟೆವು. ದೂರ ಹೆಚ್ಚು ಕಡಿಮೆ 60 ಕಿಲೋಮೀಟರ್. ಮಾಗಡಿ ರಸ್ತೆಯಲ್ಲಿ ತಾವರೆಕೆರೆ ಮೇಲೆ ಹೋಗಬಹುದು. ಇಲ್ಲವೇ ದೊಡ್ಡ ಆಲದಮರ, ಮಂಚನಬೆಲೆ ಕಡೆಯಿಂದ. ಬೈಕಿನವರಿಗೆ ಎರಡನೆಯದು ಚೆಂದ. ಗಾಡಿ ಇಲ್ಲದವರು ಬಸ್ಸಿನಲ್ಲಿ ಮಾಗಡಿಗೆ ಹೋಗಿ ಅಲ್ಲಿಂದ ಆಟೋ ಹಿಡಿಯಬೇಕು. ವಾಪಸ್ ಬರುವುದನ್ನೂ ಆಟೋದವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಹೊರಡುವ ಮುಂಚೆ ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಟಿಕೆಟ್, ಸಮಯ ಎರಡನ್ನೂ ನೋಡಿಕೊಳ್ಳಿ. ಕರಡಿ, ಚಿರತೆ ಓಡಾಡುವ ಕಾಡು ಇದು. ಸೂರ್ಯೋದಯ ನೋಡುವ ಆಸೆಗೆ ಕತ್ತಲಲ್ಲಿ ಕಳ್ಳದಾರಿ ಹಿಡಿಯುವವರ ಧೈರ್ಯ ನನಗಂತೂ ಅರ್ಥವಾಗುವುದಿಲ್ಲ.

ಇಲ್ಲಿ ಎರಡು ಬೆಟ್ಟಗಳಿವೆ, ಕರಿಗುಡ್ಡ ಮತ್ತು ಬಿಳಿಗುಡ್ಡ. ಎಲ್ಲರೂ ಹತ್ತುವುದು ಕರಿಗುಡ್ಡ. ಸಮುದ್ರ ಮಟ್ಟದಿಂದ 1,226 ಮೀಟರ್ ಎತ್ತರ. ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ಗುಡಿಗಳಿವೆ. ರಜಾ ದಿನ ಭಕ್ತರ ಗಾಡಿಗಳೇ ಜಾಸ್ತಿ.

ಶುರುವಿನಲ್ಲಿ ಸ್ವಲ್ಪ ಕುರುಚಲು ಕಾಡು, ಆಮೇಲೆ ಬರೀ ಬಂಡೆ. ಶಿವಗಂಗೆಯ ಹಾಗೆ ಮೆಟ್ಟಿಲು, ಕಂಬಿ ಏನೂ ಇಲ್ಲ. ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಬಾಣದ ಗುರುತು ಹಾಕಿದ್ದಾರೆ, ಅದೇ ದಾರಿ. ಈ ಗುರುತು ಬಿಟ್ಟು ಹೋಗಬೇಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಇಡೀ ಬೆಟ್ಟ ಬೋರಲು ಹಾಕಿದ ಬಾಣಲೆಯ ಆಕಾರದಲ್ಲಿದೆ. ನಿಂತ ಜಾಗ ಸಮ ಅನ್ನಿಸುತ್ತದೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋದರೂ ಸಮವೇ. ಇಳಿಜಾರು ಯಾವಾಗ ಕಡಿದಾಯಿತು ಅಂತ ಗೊತ್ತಾಗುವಷ್ಟರಲ್ಲಿ ಹಿಂದೆ ತಿರುಗುವುದೂ ಕಷ್ಟವಾಗಿರುತ್ತದೆ. ನಮ್ಮ ಹುಡುಗ ಸೆಲ್ಫಿಗೆ ಅಂತ ಹಾಗೇ ಎಡಕ್ಕೆ ಸರಿದಿದ್ದ. ಆಮೇಲೆ ಕೈಕಾಲು ನಾಲ್ಕೂ ಊರಿಕೊಂಡು ಮಗುವಿನ ಹಾಗೆ ಅಂಬೆಗಾಲಿಕ್ಕುತ್ತಾ ಬಂದ.

ಅರ್ಧ ದಾರಿಯಲ್ಲಿ ಕೋಟೆಯ ಗೋಡೆ ಸಿಗುತ್ತದೆ. ಉಸಿರು ಸುಧಾರಿಸಿಕೊಳ್ಳುವುದಕ್ಕೆ ಒಳ್ಳೆಯ ಜಾಗ. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ವಂಶದವರು ಮಾಗಡಿಯಿಂದ ಆಳಿದರು, ಇದು ಅವರ ಕೋಟೆ. 1728ರಲ್ಲಿ ಮೈಸೂರಿನವರ ಪಾಲಾಯಿತು. 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನ ಕೈಯಿಂದ ಕಿತ್ತುಕೊಂಡಿತು. ಬರಿಗೈಯಲ್ಲಿ ಹತ್ತುವುದಕ್ಕೇ ನಮಗೆ ಏದುಸಿರು, ಅಂಥದ್ದರಲ್ಲಿ ಬಂದೂಕು ಹೊತ್ತು ಹತ್ತಿದವರ ಗತಿ ಏನಾಗಿತ್ತೋ!

ಮೇಲೆ ಒಂದು ನಂದಿ ಇದೆ. ನಮಗೆ ಅಲ್ಲಿ ತಲುಪಲು ಎರಡು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತು. ನವೆಂಬರ್ ಆದ್ದರಿಂದ ಕೆಳಗೆಲ್ಲ ಮಂಜು, ಸುತ್ತಲಿನ ಗುಡ್ಡಗಳ ತಲೆ ಮಾತ್ರ ಕಾಣುತ್ತಿತ್ತು. ಎಂಟೂವರೆ ಹೊತ್ತಿಗೆ ಮಂಜು ಕರಗಿ ಕಣಿವೆ ತೆರೆದುಕೊಂಡಿತು. ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ, ಅದರಾಚೆ ರಾಗಿ ಹೊಲಗಳು, ದೂರದಲ್ಲಿ ರಾಮನಗರದ ಕಡೆಯ ಬಂಡೆ ಬೆಟ್ಟಗಳು. ಈ ಸಾಲಿನ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುತ್ತಾರೆ. ಕ್ಲೋಸ್‌ಪೇಟ್ ಅಂದರೆ ರಾಮನಗರದ ಹಳೇ ಹೆಸರು. ಸುಮಾರು 250 ಕೋಟಿ ವರ್ಷದ ಕಲ್ಲು. ಹುಡುಗನಿಗೆ ಹೇಳಿದೆ, ಅವನು ಚಕ್ಕುಲಿ ತಿನ್ನುತ್ತಾ "ಹೌದಾ ಮಾವ" ಅಂದ, ಅಷ್ಟೇ.

ಈಗ ಇಳಿಯುವ ವಿಷಯ. ಹತ್ತುವಾಗ ಮುಖ ಬಂಡೆಯ ಕಡೆಗಿರುತ್ತದೆ, ಭಯ ಕಾಣುವುದಿಲ್ಲ. ಇಳಿಯುವಾಗ ಇಡೀ ಕಣಿವೆ ಎದುರಿಗೇ ಬಾಯಿ ತೆರೆದುಕೊಂಡಿರುತ್ತದೆ. ನೇರವಾಗಿ ಇಳಿಯಬೇಡಿ, ಅಡ್ಡಡ್ಡ ಹೆಜ್ಜೆ ಹಾಕಿ. ಮಂಡಿ ಸ್ವಲ್ಪ ಬಗ್ಗಿರಲಿ, ಪೂರ್ತಿ ಪಾದ ಕಲ್ಲಿನ ಮೇಲೆ ಕೂರಲಿ. ತುದಿಗಾಲಲ್ಲಿ ಇಳಿದರೆ ಜಾರುವುದು ಗ್ಯಾರಂಟಿ. ನೀರು ಹರಿದ ಕಡೆ ಪಾಚಿ ಕಟ್ಟಿದ ಕಪ್ಪು ಪಟ್ಟೆಗಳಿರುತ್ತವೆ. ಒಣಗಿದ್ದರೂ ಅದರ ಮೇಲೆ ಕಾಲಿಡಬೇಡಿ. ಭಯವಾದರೆ ಕೂತು ಜರುಗಿ. ಪ್ಯಾಂಟ್ ಹರಿಯಬಹುದು, ಹೋಗಲಿ ಬಿಡಿ. ತಳ ಸವೆದ ಶೂ ಹಾಕಿಕೊಂಡು ಬಂದ ನಮ್ಮ ಹುಡುಗ ಕೊನೆಗೆ ಬರಿಗಾಲಲ್ಲೇ ಇಳಿದ. ಬಿಸಿಲು ಏರಿದ್ದರೆ ಅದೂ ಆಗುತ್ತಿರಲಿಲ್ಲ. ಮಳೆ ಬಂದ ದಿನ, ಅದರ ಮಾರನೇ ದಿನ ಈ ಬೆಟ್ಟದ ಸಹವಾಸವೇ ಬೇಡ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕೇ ಬೇಕು. ಮೇಲೆ ದೊಣೆಗಳಲ್ಲಿ ನೀರು ನಿಂತಿರುತ್ತದೆ, ಅದು ಕುಡಿಯುವುದಕ್ಕಲ್ಲ. ಕೋಲು, ಕ್ಯಾಮೆರಾ ಅಂತ ಕೈಯಲ್ಲಿ ಏನೂ ಹಿಡಿಯಬೇಡಿ, ಎರಡೂ ಕೈ ಬೇಕಾಗುತ್ತದೆ.

ವಾಪಸ್ ಬರುವಾಗ ಮಂಚನಬೆಲೆಯ ನೀರು ಕರೆಯುತ್ತದೆ. ದಡದಲ್ಲಿ ನಿಂತು ನೋಡಿ ಬನ್ನಿ, ಇಳಿಯಬೇಡಿ. ತಳದಲ್ಲಿ ಕೆಸರು, ಆಳ ಗೊತ್ತಾಗುವುದಿಲ್ಲ. ಈಜು ಬರುವವರೂ ಅಲ್ಲಿ ಸತ್ತಿದ್ದಾರೆ.

ನಾವು ಬಿಡದಿಗೆ ಬಂದು ತಟ್ಟೆ ಇಡ್ಲಿ ತಿಂದೆವು. ತಲಾ ಮೂರು, ಮೇಲೆ ಬೆಣ್ಣೆ. ಕೈ ತೊಳೆಯಲು ಏಳುವಾಗ ತೊಡೆ ಹಿಡಿದುಕೊಂಡು ನಾನು "ಅಯ್ಯೋ" ಅಂದೆ. ಇಪ್ಪತ್ತು ವರ್ಷದ ಹುಡುಗನೂ ಅಂದ.