ಸಂಜೆ ಮೇಲೆ ಮಾತಾಡಿಸಬಾರದ ದೇವರು

ಕಳೆದ ಭಾನುವಾರ, ಸಕಲೇಶಪುರದ ಕಡೆಯ ಒಂದು ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಧರ್ಮೋಪದೇಶದ ತರಗತಿ. ಮೊದಲ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಯೇಸುವಿನ ಶರೀರವೆಂದು ಕೊಡುವ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದಕ್ಕೆ, ತಯಾರಾಗುತ್ತಿರುವ ಮಕ್ಕಳು. "ದೇವರು ನಮ್ಮ ತಂದೆ. ಅಪ್ಪನ ಹತ್ರ ಯಾವಾಗ ಬೇಕಾದ್ರೂ ಮಾತಾಡಬಹುದು, ಅಲ್ವಾ?" ಅಂತ ಸಿಸ್ಟರ್ ಕೇಳಿದರು. ಎಲ್ಲರೂ ರಾಗವಾಗಿ "ಹೌದೂ" ಅಂದರು. ಎಸ್ಟೇಟ್ ಲೈನಿನಿಂದ, ಅಂದರೆ ಕಾಫಿ ತೋಟದ ಕೂಲಿಕಾರರ ಸಾಲುಮನೆಗಳಿಂದ, ಬರುವ ಒಬ್ಬ ಹುಡುಗಿ ಮಾತ್ರ ತಿದ್ದಿದಳು: "ಬೆಳಿಗ್ಗೆ ಆದ್ರೆ ಮಾತಾಡಬಹುದು ಸಿಸ್ಟರ್. ಸಂಜೆ ಮೇಲೆ ಬೇಡ."

ಮಕ್ಕಳು ನಕ್ಕರು. ಸಿಸ್ಟರ್ "ಹಾಗೆಲ್ಲ ಹೇಳಬಾರದು ಪುಟ್ಟಿ" ಅಂದು ಮುಂದಿನ ಪಾಠಕ್ಕೆ ಹೋದರು. ಮುಂದಿನ ಪಾಠ ರಾತ್ರಿ ಜಪದ್ದು.

ಸಿಸ್ಟರ್ ಒಳ್ಳೆಯವರೇ. ಅರವತ್ತು ದಾಟಿದರೂ ಮಳೆಗಾಲದಲ್ಲಿ ಲೈನ್ ಲೈನ್ ಸುತ್ತಿ ಮಕ್ಕಳನ್ನು ಕರೆತರುತ್ತಾರೆ. ಆದರೆ ಉತ್ತರ ಬಾಯಲ್ಲೇ ಸಿದ್ಧ ಇಟ್ಟುಕೊಳ್ಳುವ ಜಾತಿ. ಹುಡುಗಿಯ ತರ್ಕದಲ್ಲಿ ತಪ್ಪೇನಿದೆ? ದೇವರು ಅಪ್ಪನ ಹಾಗೆ ಅಂದವರು ಇವರೇ. ಅಪ್ಪ ಸಂಜೆ ಮೇಲೆ ಹೇಗಿರುತ್ತಾನೆ ಅನ್ನುವುದು ಅವಳಿಗೆ ಗೊತ್ತು. ಬೆಳಿಗ್ಗೆ ಆದ್ರೆ ಮಾತಾಡಬಹುದು. ಅಷ್ಟನ್ನಾದರೂ ಬಿಟ್ಟುಕೊಟ್ಟಳಲ್ಲ, ಅದೇ ದೊಡ್ಡದು.

1910ರಲ್ಲಿ ಪೋಪ್ ಹತ್ತನೇ ಪಯಸ್ ಮೊದಲ ಪರಮಪ್ರಸಾದದ ವಯಸ್ಸನ್ನು ಏಳರ ಆಸುಪಾಸಿಗೆ ಇಳಿಸಿದರು. ಬುದ್ಧಿ ಬಲಿಯುವ ವಯಸ್ಸು ಅದು ಅನ್ನುವ ಲೆಕ್ಕ. ಚರ್ಚು ಏಳಕ್ಕೆ ಶುರು ಮಾಡಿದರೆ ಮನೆ ಅಷ್ಟರೊಳಗೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಸಿರುತ್ತದೆ. ಅರ್ಜೆಂಟೀನಾ ಮೂಲದ ಮನೋವಿಶ್ಲೇಷಕಿ ಆನಾ ಮರಿಯಾ ರಿಸ್ಸೂಟೊ 1979ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಅಪ್ಪ, ಅಮ್ಮ, ಅಜ್ಜಿ, ಇವರ ಚೂರುಗಳನ್ನೆಲ್ಲ ಸೇರಿಸಿ ಮಗು ತನ್ನದೇ ಒಬ್ಬ ದೇವರನ್ನು ಮಾಡಿಕೊಂಡಿರುತ್ತದೆ, ಪಾಠದ ದೇವರು ಆಮೇಲೆ ಬಂದು ಅವನ ಜೊತೆ ಏಗಬೇಕು. ಇಲ್ಲಿ ಅಪ್ಪನೊಬ್ಬನೇ ಅಲ್ಲ ಅನ್ನುವುದು ಮುಖ್ಯ. ಫ್ರಾಯ್ಡ್ ಬರೀ ಅಪ್ಪನನ್ನೇ ಹಿಡಿದುಕೊಂಡು ಕೂತಿದ್ದರು.

ಕುಡಿತ, ಏಟು ಇರುವ ಮನೆ ಎದ್ದು ಕಾಣುತ್ತದೆ. ಕಾಣದೇ ಇರುವುದು ಸಭ್ಯ ಮನೆಗಳ ಕೆಲಸ. "ಸುಳ್ಳು ಹೇಳಿದ್ರೆ ಯೇಸುಸ್ವಾಮಿ ಅಳ್ತಾರೆ", "ದೇವ್ರು ನೋಡ್ತಾ ಇದ್ದಾನೆ, ಕಣ್ಣು ಕೀಳ್ತಾನೆ". ಊಟ ಮಾಡದ ಮಗುವಿನ ಮೇಲೂ ದೇವರನ್ನು ಪೊಲೀಸ್ ಮಾಡಿ ಛೂ ಬಿಡುವ ತಾಯಂದಿರು ಎಷ್ಟು ಜನ! ಮಾರ್ಕ್ಸ್ ಕಾರ್ಡ್ ನೋಡಿ ಮಾತ್ರ ಮುದ್ದು ಮಾಡುವ ಮನೆಯ ಮಗು ಮುಂದೆ ನಲವತ್ತು ವರ್ಷದ ಪ್ಲಾಂಟರ್ ಆದಾಗ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಮೊದಲು ನೆನಪಾಗುವುದು ತಪ್ಪಿಸಿದ ಭಾನುವಾರದ ಪೂಜೆ. ಪಾದ್ರಿಯ ಮುಂದೆ ಪಾಪನಿವೇದನೆಗೆ ಬಂದು ಅದೇ ಪಾಪವನ್ನು ಮತ್ತೆ ಮತ್ತೆ ಹೇಳುವವರೂ ಇವರೇ. ಕ್ಷಮೆ ಸಿಕ್ಕಿತು ಅಂದರೂ ನಂಬಿಕೆ ಇಲ್ಲ.

ಹಾಗಂತ ಇದು ಹಣೆಬರಹ ಅಲ್ಲ. 1990ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಕರ್ಕ್‌ಪ್ಯಾಟ್ರಿಕ್ ಮತ್ತು ಶೇವರ್, ಆಮೇಲೆ ಸ್ವೀಡನ್ನಿನ ಗ್ರಾನ್‌ಕ್ವಿಸ್ಟ್ ಮನೆಯ ಆಸರೆಗೂ ಭಕ್ತಿಗೂ ಇರುವ ನಂಟನ್ನು ನೋಡಿದಾಗ ಎರಡು ದಾರಿ ಕಂಡವು. ಅಪ್ಪ ಅಮ್ಮನ ಆಸರೆ ಗಟ್ಟಿ ಇದ್ದವರು ಅವರ ಭಕ್ತಿಯನ್ನೇ ನಿಧಾನವಾಗಿ ಮುಂದುವರಿಸುತ್ತಾರೆ. ಆಸರೆ ಸಿಗದವರಲ್ಲಿ ಕೆಲವರು ಯಾವುದೋ ಸಂಕಟದ ಹೊತ್ತಿನಲ್ಲಿ ಹಠಾತ್ತನೆ ದೇವರ ಕಡೆ ತಿರುಗುತ್ತಾರೆ, ಮನೆಯಲ್ಲಿ ಸಿಗದ್ದನ್ನು ಅಲ್ಲಿ ಹುಡುಕುತ್ತಾರೆ. ಧ್ಯಾನಕೂಟಗಳಲ್ಲಿ ಬಿಕ್ಕಿ ಅಳುವವರನ್ನು ಕಂಡು ಮೂಗು ಮುರಿಯುವವರು ಇದನ್ನು ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು.

ಇಂಥ ಮಾತು ಬಂದಾಗ ತರಗತಿಯಲ್ಲಿ ಮಾಡಬೇಕಾದ್ದು ಕಡಿಮೆ. ತಿದ್ದಬಾರದು. "ಸರಿ, ಬೆಳಿಗ್ಗೆಯೇ ಮಾತಾಡು" ಅಂದರೆ ಆಯಿತು, ಬೆಳಗಿನ ಜಪವೂ ಜಪವೇ. ತರಗತಿ ಬಿಟ್ಟ ಮೇಲೆ, ಬೇರೆ ಮಕ್ಕಳಿಲ್ಲದಾಗ, ಸಂಜೆ ಏನಾಗುತ್ತೆ ಅಂತ ಒಂದೇ ಒಂದು ಪ್ರಶ್ನೆ. ಅಡ್ಡ ಪ್ರಶ್ನೆ ಬೇಡ. ಏಟಿನ ವಿಷಯ ಬಂದರೆ ಅದು ಪ್ರಾರ್ಥನೆಗೆ ಬಿಡುವ ಸಂಗತಿ ಅಲ್ಲ, ಮಕ್ಕಳ ಸಹಾಯವಾಣಿ 1098 ಇದೆ. "ದೇವರನ್ನೂ ನಿನ್ನನ್ನೂ ಬರಿ" ಅಂತ ಹಾಳೆ ಕೊಡುವ ರೂಢಿ ಕೆಲವು ಕಡೆ ಇದೆ. ಒಳ್ಳೆಯದೇ. ಇಬ್ಬರ ನಡುವೆ ಎಷ್ಟು ಜಾಗ ಬಿಟ್ಟಿದೆ, ದೇವರಿಗೆ ಕಿವಿ ಬರೆದಿದೆಯೋ ಬರೀ ಕಣ್ಣೋ ಅಂತ ನೋಡಬಹುದು. ಆದರೆ ಒಂದು ಚಿತ್ರ ನೋಡಿ ಮನೆಯ ಜಾತಕ ಬರೆಯುವ ಉತ್ಸಾಹಿಗಳಿಂದ ದೇವರೇ ಕಾಪಾಡಬೇಕು. ಆರೇಳು ತಿಂಗಳು ಬಿಟ್ಟು ಮತ್ತೆ ಬರೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನಾದರೂ ತಿಳಿದೀತು.

ಪಾಠದ ಆಯ್ಕೆಯಲ್ಲೇ ಎಡವುವುದು ಹೆಚ್ಚು. ದೇವರ ಪ್ರೀತಿ ಅಂದಕೂಡಲೇ ಬೈಬಲಿನ ದುಂದುಗಾರ ಮಗನ ಕಥೆಯ ಅಪ್ಪ, ಆಸ್ತಿ ಹಾಳುಮಾಡಿ ಬಂದ ಮಗನನ್ನು ಅಪ್ಪಿಕೊಂಡವನು. ಲೂಕನ ಸುವಾರ್ತೆಯ ಅದೇ 15ನೇ ಅಧ್ಯಾಯದಲ್ಲಿ ಅವನಿಗಿಂತ ಮೊದಲು ಒಬ್ಬ ಹೆಂಗಸು ಬರುತ್ತಾಳೆ. ಹತ್ತು ಬೆಳ್ಳಿ ನಾಣ್ಯದಲ್ಲಿ ಒಂದು ಕಳೆದಿದೆ. ದೀಪ ಹಚ್ಚಿ, ಮನೆ ಗುಡಿಸಿ ಹುಡುಕುತ್ತಾಳೆ. ನಮ್ಮ ಕಡೆಯ ಮಕ್ಕಳು ತಕ್ಷಣ ತಕರಾರು ತೆಗೆಯುತ್ತಾರೆ: ದೀಪ ಹಚ್ಚಿದ ಮೇಲೆ ಕಸ ಗುಡಿಸಬಾರದಲ್ವಾ? ಹೌದು, ಗುಡಿಸಬಾರದು ಅಂತಾರೆ, ಆದರೂ ಗುಡಿಸಿದಳು, ಯಾಕೆ ಅಂತ ಅವರನ್ನೇ ಕೇಳಿ. ಹಡೆದ ತಾಯಿ ಮರೆತರೂ ನಾನು ಮರೆಯೆ ಅನ್ನುವ ಯೆಶಾಯನ 49ನೇ ಅಧ್ಯಾಯವನ್ನು ಅದರ ಹಿಂದೆಯೇ ಓದಿಸಬಹುದು. ಆ ಅಪ್ಪನ ಕಥೆಗೆ ಅವಸರವಿಲ್ಲ. ಪರಮಪ್ರಸಾದದ ದಿನದೊಳಗೆ ಆದರೆ ಸರಿ, ಆಗದಿದ್ದರೆ ಮುಂದಿನ ವರ್ಷ.