ಕಾಕಾ ಕಂಡ ಬೀದರ ಕೋಟೆ

ಬೀದರ ಕೋಟೆಯ ಮುಂಡಾ ಬುರುಜಿನ ಮೇಲಿರುವ ತೋಪಿನ ಉದ್ದವನ್ನೂ ಬಾಯಿಯ ಅಗಲವನ್ನೂ ಎಲ್ಲರೂ ನೋಡುತ್ತಾರೆ. ಸೇನೆಗೆ ಮದ್ದುಗುಂಡು, ಸಾಮಾನು ಒದಗಿಸುವ ಆರ್ಡ್‌ನೆನ್ಸ್ ಕೋರ್‌ನಲ್ಲಿ, ಮದ್ದುಗುಂಡಿನ ಡಿಪೊಗಳಲ್ಲೇ ನೌಕರಿ ಮುಗಿಸಿ ಊರಿಗೆ ಬಂದ ನಮ್ಮ ಕಾಕಾ ಮಾತ್ರ, ಕಳೆದ ಚಳಿಗಾಲ ನಾವಿಬ್ಬರೂ ಅಲ್ಲಿಗೆ ಹೋದಾಗ, ತೋಪಿಗೆ ಬೆನ್ನು ಮಾಡಿ ನಿಂತು, "ಇದರ ಮದ್ದು ಎಲ್ಲಿಡ್ತಿದ್ರು?" ಎಂದು ಕೇಳಿದರು.

ಈ ಕೋಟೆ ಸೋತದ್ದೂ ಅದೇ ಮದ್ದಿನಿಂದ. ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ತೋಡಿದ ಮೂರು ಸಾಲಿನ ಕಂದಕವಿದ್ದರೂ, 1657ರ ಮುತ್ತಿಗೆಯಲ್ಲಿ ಔರಂಗಜೇಬನ ಸೈನ್ಯದ ಕಡೆಯಿಂದ ಬಂದ ಬೆಂಕಿ ಕೋಟೆಯೊಳಗೆ ಕೂಡಿಟ್ಟಿದ್ದ ಮದ್ದಿಗೆ ತಗುಲಿ, ಕಿಲ್ಲೇದಾರ ಸಿದ್ದಿ ಮರ್ಜಾನ್ ಮಕ್ಕಳ ಸಮೇತ ಸುಟ್ಟ ಗಾಯಗಳಿಗೆ ತುತ್ತಾದ. ಕೋಟೆ ಮೊಗಲರ ವಶವಾಯಿತು.

ಕಂದಕದ ದಂಡೆಯಲ್ಲಿ ಕುಳಿತು ಕಾಕಾ ತಮ್ಮ ಕೆಲಸವನ್ನು ವಿವರಿಸಿದರು. ಡಿಪೊದ ಗೇಟಿನಲ್ಲೇ ಬೆಂಕಿಪೆಟ್ಟಿಗೆ ಇಡಿಸಿಕೊಳ್ಳುತ್ತಾರೆ. ಒಂದು ಶೆಡ್ ಸಿಡಿದರೆ ಪಕ್ಕದ್ದು ಉಳಿಯಲೆಂದು ನಡುವೆ ಎತ್ತರದ ಮಣ್ಣಿನ ದಿಬ್ಬ ಹಾಕಿರುತ್ತಾರೆ. ದೊಡ್ಡ ಫಿರಂಗಿಯ ಶೆಲ್ಲು, ಅದನ್ನು ಸಿಡಿಸುವ ಫ್ಯೂಸು, ಅದನ್ನು ಹಾರಿಸುವ ಮದ್ದು ಬೇರೆಬೇರೆಯಾಗಿಯೇ ಇರುತ್ತವೆ. ಮೈಮೇಲೆ ಬರೆದ ಲಾಟ್ ನಂಬರನ್ನು, ಅಂದರೆ ಅದು ಯಾವ ಕಂತಿನಲ್ಲಿ ತಯಾರಾಯಿತೆಂಬ ಗುರುತನ್ನು, ಓದಿ ನಮೂದಿಸಿಕೊಳ್ಳದೆ ಒಂದು ಶೆಲ್ಲನ್ನೂ ಹೊರಗೆ ಬಿಡುವುದಿಲ್ಲ, ಏಕೆಂದರೆ ಎಲ್ಲೋ ಒಂದು ಕೆಟ್ಟದ್ದು ಸಿಕ್ಕರೆ ಆ ಲಾಟಿನದ್ದನ್ನೆಲ್ಲ ತಡೆಹಿಡಿಯಬೇಕಾಗುತ್ತದೆ. ಇದನ್ನು ಹೇಳುವಾಗ ಅವರ ಬೆರಳು ಗಾಳಿಯಲ್ಲೇ ಅಂಕಿಗಳನ್ನು ಬರೆಯುತ್ತಿತ್ತು.

1775ರ ಏಪ್ರಿಲ್ 8ರಂದು ಕಲ್ಕತ್ತೆಯಲ್ಲಿ ಆರಂಭವಾದ ಆರ್ಡ್‌ನೆನ್ಸ್ ಮಂಡಳಿಯಿಂದ ಈ ಕೋರ್ ತನ್ನ ವಯಸ್ಸನ್ನು ಎಣಿಸುತ್ತದೆ. 1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ಫಿರಂಗಿದಳ ಹಾರಿಸಿದ ಶೆಲ್ಲು, ರಾಕೆಟ್ಟುಗಳು ಸುಮಾರು ಎರಡೂವರೆ ಲಕ್ಷ. ಬೋಫೋರ್ಸ್ ಫಿರಂಗಿಯ ಒಂದೊಂದು ಶೆಲ್ಲೂ 40 ಕಿಲೋಗಿಂತ ಹೆಚ್ಚು ತೂಗುತ್ತದೆ. ಅದನ್ನು ಡಿಪೊಗಳಲ್ಲಿ ಕಾದವರನ್ನೂ, ಗುಡ್ಡಗಾಡಿನ ರಸ್ತೆಗಳಲ್ಲಿ ಲಾರಿ ಹೊಡೆದು ತಲುಪಿಸಿದವರನ್ನೂ ಬಿಟ್ಟು ಆ ಗೆಲುವಿನ ಮಾತಾಡುವುದು ನ್ಯಾಯವಲ್ಲ ಎಂದೇ ನನ್ನ ಭಾವನೆ.

ಸಂಜೆ, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾಕ್ಕೆ ಬಂದೆವು. ಮೊಗಲರ ಕಾಲದಲ್ಲಿ ಅಲ್ಲಿ ಸೈನಿಕರನ್ನು ಇಳಿಸಿ, ಮದ್ದನ್ನೂ ತುಂಬಿಸಿದ್ದರು; 17ನೆಯ ಶತಮಾನದ ಕೊನೆಯಲ್ಲಿ ಅದು ಸಿಡಿದು, ಎರಡು ಮಿನಾರುಗಳಲ್ಲಿ ಒಂದೂ ಮುಂಭಾಗದ ಅರ್ಧವೂ ಬಿದ್ದುಹೋದವು. ಉಳಿದ ಮಿನಾರಿನ ನೀಲಿ ಹೆಂಚಿನ ಚೂರುಗಳನ್ನು ಕಾಕಾ ಬಹಳ ಹೊತ್ತು ನೋಡಿದರು. "ಕೂಸುಗೋಳು ಓದೋ ಜಾಗದಾಗ ಯಾರರ ಮದ್ದು ಇಡ್ತಾರೇನಪಾ?" ಎಂದವರ ದನಿಯಲ್ಲಿ ಸಿಟ್ಟಿತ್ತು. ಬರುವ ಏಪ್ರಿಲ್ 8ಕ್ಕೆ ನಮ್ಮ ಓಣಿಯ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆತಂದು ಇದನ್ನೆಲ್ಲ ಕಾಕಾನ ಬಾಯಿಂದಲೇ ಕೇಳಿಸಬೇಕೆಂದು ಹೆಡ್‌ಮಾಸ್ತರರ ಒಪ್ಪಿಗೆ ಪಡೆದಿದ್ದೇನೆ.