ಬಾಸಿಂಗ ತರಲು ಹೋದ ದಿನ

1984ರ ಮೇ ತಿಂಗಳು. ಚಿಕ್ಕತ್ತೆಯ ಮದುವೆಗೆ ಇನ್ನು ಎರಡೇ ದಿನ ಇರುವಾಗ ಸಾಗರದಿಂದ ಬಾಸಿಂಗ ಬಂದಿಲ್ಲ ಎನ್ನುವುದು ಅಜ್ಜಿಗೆ ನೆನಪಾಯಿತು. ತರಬೇಕಾಗಿದ್ದ ಚಿಕ್ಕಪ್ಪ ಚಳಿಜ್ವರ ಬಂದು ಮೆತ್ತಿನ ಮೇಲೆ ಕಂಬಳಿ ಹೊದ್ದು ಮಲಗಿದ್ದ. ಅಪ್ಪಯ್ಯ ಚಪ್ಪರ ಹತ್ತಿ ಸೋಗೆ ಹೊದೆಸುತ್ತಿದ್ದ. ಉಳಿದ ಗಂಡಸರಲ್ಲಿ ಅರ್ಧ ಜನ ಬಾಳೆಲೆ, ಹಾಲು, ಪಾತ್ರೆ ಎಂದು ಊರೂರು ಸುತ್ತುತ್ತಿದ್ದರು. ಇನ್ನರ್ಧ ಜನ ಜಗುಲಿಯಲ್ಲಿ ಕವಳ ಹಾಕಿಕೊಂಡು ಸಲಹೆ ಕೊಡುತ್ತಿದ್ದರು. ಅಜ್ಜಿ ಅಂಗಳದಲ್ಲಿ ನಿಂತು ಸುತ್ತಲೂ ಒಮ್ಮೆ ಕಣ್ಣಾಡಿಸಿದಳು. ಕೈಯಲ್ಲಿ ಕೆಲಸವಿಲ್ಲದವರು ನಾವಿಬ್ಬರೇ ಕಂಡೆವು. ನನಗೆ ಹತ್ತು ವರ್ಷ, ತಮ್ಮನಿಗೆ ಏಳು.

ಕಳಿಸಬೇಕೋ ಬೇಡವೋ ಎಂಬ ಚರ್ಚೆಯೇ ನಡೆಯಲಿಲ್ಲ. ಅಮ್ಮ ನನ್ನ ಲಂಗದ ಒಳಜೇಬಿನಲ್ಲಿ ದುಡ್ಡಿಟ್ಟು ಪಿನ್ನು ಚುಚ್ಚಿದಳು. ಒಂದು ಬಿದಿರಿನ ಬುಟ್ಟಿ, ಅದರೊಳಗೆ ಹಳೆಯ ಪಂಚೆ, ಅದರ ಮೇಲೆ ಅವಲಕ್ಕಿ ಪೊಟ್ಟಣ. ‘ರೈಲಿನಲ್ಲಿ ಕಿಟಕಿಯಿಂದ ಮುಖ ಹೊರಗೆ ಹಾಕಬೇಡಿ, ಕಣ್ಣಿಗೆ ಕೆಂಡದ ಚೂರು ಬೀಳುತ್ತದೆ’ ಎನ್ನುವುದೊಂದೇ ಎಚ್ಚರಿಕೆ. ವಿಳಾಸವೆಂದರೆ ‘ಗುಡಿಗಾರರ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳು’ ಎಂಬ ಮಾತು, ಅಷ್ಟೆ.

ನಮ್ಮ ಊರು ಆನಂದಪುರದಿಂದ ಎರಡು ಮೈಲಿ ಒಳಗೆ. ಆಗ ಶಿವಮೊಗ್ಗ–ತಾಳಗುಪ್ಪ ಮಾರ್ಗ ಇನ್ನೂ ಮೀಟರ್‌ಗೇಜ್. ಏರು ಬಂದರೆ ಏದುಸಿರು ಬಿಡುವ ರೈಲು. ಕಿಟಕಿಯಿಂದ ಮುಖ ಹೊರಗೆ ಹಾಕಿಯೇ ಹೋದೆವು. ತಮ್ಮನ ಕಣ್ಣಿಗೆ ಚೂರು ಬಿತ್ತು, ಎದುರು ಕೂತಿದ್ದ ಮೀನು ಮಾರುವ ಹೆಂಗಸು ಅವನ ರೆಪ್ಪೆ ಮಡಚಿ ಸೆರಗಿನ ತುದಿಯಿಂದ ಅದನ್ನು ತೆಗೆದಳು. ಅವಳ ಬೆರಳಿನ ವಾಸನೆಗೆ ಅವನು ಸಾಗರ ಜಂಬಗಾರು ನಿಲ್ದಾಣ ಬರುವವರೆಗೂ ಮೂಗು ಮುಚ್ಚಿಕೊಂಡೇ ಕೂತಿದ್ದ.

ಸಾಗರದ ಗುಡಿಗಾರರೆಂದರೆ ಎಲ್ಲರಿಗೂ ನೆನಪಾಗುವುದು ಗಂಧದ ಕೆತ್ತನೆ. ನಮ್ಮ ಕಡೆಯ ಮದುವೆ ಮನೆಗಳಿಗೆ ಮಾತ್ರ ಅವರು ಬೇಕಾಗುತ್ತಿದ್ದದ್ದು ಬೆಂಡಿನ ಬಾಸಿಂಗಕ್ಕೆ. ಕೇಳಿಕೊಂಡು ಹೋದ ಮನೆಯ ಜಗುಲಿಯಲ್ಲಿ ಒಬ್ಬ ಅಜ್ಜ ಕಾಲು ಚಾಚಿ ಕೂತು ಬೆಂಡು ಹೆರೆಯುತ್ತಿದ್ದರು. ಬೆಂಡು ನೀರಲ್ಲಿ ಬೆಳೆಯುವ ಗಿಡದ ದಂಟು. ಮೇಲಿನ ಕಂದು ಸಿಪ್ಪೆ ತೆಗೆದರೆ ಒಳಗೆ ಹಾಲಿನಷ್ಟು ಬಿಳುಪು. ದಂಟಿನ ತುಂಡನ್ನು ಎಡಗೈಯಲ್ಲಿ ಮೆಲ್ಲಗೆ ಉರುಳಿಸುತ್ತ ಬಲಗೈಯ ಚೂರಿಯನ್ನು ಅಲುಗಾಡದಂತೆ ಹಿಡಿದರೆ, ಬೆಂಡು ಸುತ್ತು ಬಿಚ್ಚಿಕೊಂಡು ತೆಳ್ಳಗಿನ ಉದ್ದನೆಯ ಹಾಳೆಯಾಗಿ ಅವರ ಮಡಿಲಿಗೆ ಇಳಿಯುತ್ತಿತ್ತು. ಒಂದು ಕಡೆಯೂ ಹರಿಯುತ್ತಿರಲಿಲ್ಲ. ಆ ಹಾಳೆಯನ್ನು ಅವರ ಸೊಸೆ ತುಂಡು ಮಾಡಿ, ಬೆರಳ ತುದಿಯಲ್ಲಿ ಹೊರಳಿಸಿ, ದಾರದಿಂದ ಬಿಗಿದು ಮಲ್ಲಿಗೆ ಮೊಗ್ಗು ಮಾಡುತ್ತಿದ್ದರು. ಮೊಗ್ಗಿನ ಬುಡಕ್ಕೆ ಗುಲಾಬಿ ಬಣ್ಣ, ನಡುವೆ ಬೇಗಡೆ.

ನಮ್ಮ ಬಾಸಿಂಗ ಆಗಿರಲಿಲ್ಲ. ‘ಅಂಟು ಒಣಗಬೇಕು, ಸಂಜೆ ನಾಲ್ಕಕ್ಕೆ ಬನ್ನಿ’ ಎಂದರು ಅಜ್ಜ. ಆಗ ಗಂಟೆ ಹನ್ನೊಂದೂ ಆಗಿರಲಿಲ್ಲ. ಮಧ್ಯಾಹ್ನದ ವಾಪಸು ರೈಲು ತಪ್ಪುತ್ತದೆ ಎನ್ನುವುದು ನನಗೆ ಹೊಳೆಯಿತು. ಮನೆಗೆ ತಿಳಿಸುವ ಬಗೆ ಮಾತ್ರ ಹೊಳೆಯಲಿಲ್ಲ. ಹೊಳೆಯುವುದಕ್ಕೆ ಬಗೆಯಾದರೂ ಎಲ್ಲಿತ್ತು? ನಮ್ಮ ಊರಿನಲ್ಲಿ ಒಂದು ಮನೆಯಲ್ಲೂ ಫೋನ್ ಇರಲಿಲ್ಲ.

ಹಾಗೆ ಸಿಕ್ಕಿತು ಆ ಮಧ್ಯಾಹ್ನ. ಸಾಗರವನ್ನು ನಾವು ಅದುವರೆಗೆ ನೋಡಿದ್ದು ಮಾರಿಕಾಂಬಾ ಜಾತ್ರೆಯಲ್ಲಿ ಮಾತ್ರ, ಅದೂ ಅಪ್ಪಯ್ಯನ ಕೈ ಹಿಡಿದು, ಜನರ ಸೊಂಟದೆತ್ತರದಿಂದ. ಮೂರು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯಲ್ಲಿ ಕಾಲಿಡಲು ಜಾಗವಿಲ್ಲದ ಬೀದಿ ಈಗ ಬಿಸಿಲಲ್ಲಿ ಬೋಳಾಗಿ ಬಿದ್ದಿತ್ತು. ಟಾಕೀಸಿನ ಎದುರಿನ ಗಾಜಿನ ಪೆಟ್ಟಿಗೆಯಲ್ಲಿದ್ದ ಫೋಟೋಗಳನ್ನು ನೋಡಿ ಸಿನಿಮಾದ ಕತೆಯನ್ನು ನಾವೇ ಕಟ್ಟಿದೆವು. ಗಣಪತಿ ಕೆರೆಯ ಮೆಟ್ಟಿಲಲ್ಲಿ ಕೂತು ಅವಲಕ್ಕಿ ತಿಂದೆವು. ಗೋಲಿ ಸೋಡಾ ಕೊಂಡು ಒಂದೇ ಬಾಟಲಿಯನ್ನು ಇಬ್ಬರೂ ಹಂಚಿಕೊಂಡೆವು. ಅಂಗಡಿಯವನು ಹೆಬ್ಬೆರಳಿನಿಂದ ಒತ್ತಿದಾಗ ಬಂದ ‘ಟುಯ್’ ಶಬ್ದಕ್ಕಾಗಿ ತಮ್ಮ ಇನ್ನೊಂದು ಕೊಡಿಸು ಎಂದು ಹಟ ಹಿಡಿದ. ಬಸ್ಸಿನ ದುಡ್ಡನ್ನು ಲೆಕ್ಕ ಹಾಕಿ, ಆಗುವುದಿಲ್ಲ ಎಂದೆ. ಅವನು ಅತ್ತ. ಅಳುವುದನ್ನು ಕೇಳಲು ನನ್ನನ್ನು ಬಿಟ್ಟು ಯಾರೂ ಇಲ್ಲ ಎಂದು ಗೊತ್ತಾದ ಮೇಲೆ ಸುಮ್ಮನಾದ. ವಿಶೇಷವಾದದ್ದೇನೂ ನಡೆಯಲಿಲ್ಲ. ಇಷ್ಟು ವರ್ಷಗಳ ಮೇಲೂ ಆ ಮಧ್ಯಾಹ್ನವನ್ನು ಬೀದಿ ಬೀದಿಯಾಗಿ ಹೇಳಬಲ್ಲೆ. ಕಳೆದ ವರ್ಷ ಮಗಳೊಂದಿಗೆ ಹೋಗಿದ್ದ ರೆಸಾರ್ಟಿನ ಹೆಸರು ಕೇಳಿದರೆ ಮೊಬೈಲಿನಲ್ಲಿ ಹುಡುಕಬೇಕು.

ನಾಲ್ಕಕ್ಕೆ ಹೋದಾಗ ಬಾಸಿಂಗ ಸಿದ್ಧವಾಗಿತ್ತು. ವರನದೊಂದು, ವಧುವಿನದೊಂದು. ಅಜ್ಜ ಪಂಚೆಯನ್ನು ಬುಟ್ಟಿಯಲ್ಲಿ ಗೂಡಿನಂತೆ ಮಡಚಿ ಎರಡನ್ನೂ ಕೂರಿಸಿದರು. ‘ಭಾರವೇ ಇಲ್ಲ, ಮಗಾ. ಆದರೆ ನೀರು ತಾಗಬಾರದು, ಒತ್ತಬಾರದು, ಬಿಸಿಯೂ ಆಗಬಾರದು’ ಎಂದರು. ಆ ಹೊತ್ತಿಗೆ ಪಡುವಣದಲ್ಲಿ ಮೋಡ ಕಪ್ಪಿಟ್ಟಿತ್ತು.

ಬಸ್ಸು ತುಂಬಿ ತುಳುಕುತ್ತಿತ್ತು. ಕಂಡಕ್ಟರ್ ಬುಟ್ಟಿಯನ್ನು ಟಾಪಿಗೆ ಹಾಕಲು ಹೊರಟಾಗ ನಾನು ಕಿರುಚಿದೆ. ಬಾಸಿಂಗ ಎಂದದ್ದೇ ತಡ, ಬಸ್ಸಿನ ವ್ಯವಹಾರವೇ ಬದಲಾಯಿತು. ಡ್ರೈವರು ಬಾನೆಟ್ ಮೇಲೆ ಇಡು ಎಂದ. ಬಿಸಿಗೆ ಅಂಟು ಬಿಡುತ್ತದೆ ಎಂದು ಹಿಂದಿನ ಸೀಟಿನಿಂದ ಯಾರೋ ಆಕ್ಷೇಪಿಸಿದರು. ಯಾರ ಮನೆ ಮದುವೆ, ಹುಡುಗ ಯಾವ ಊರಿನವನು, ಅಡಿಗೆ ಯಾರದ್ದು ಎಂಬ ವಿಚಾರಣೆ ನಡೆಯಿತು. ಕೊನೆಗೆ ಬಾಗಿಲ ಬಳಿ ಕೂತಿದ್ದ ದಪ್ಪನೆಯ ಹೆಂಗಸೊಬ್ಬರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈ ಅಡ್ಡ ಹಿಡಿದರು. ನಮಗೆ ಕೂರಲು ಜಾಗ ಸಿಗಲಿಲ್ಲ, ಬಾಸಿಂಗಕ್ಕೆ ಸಿಕ್ಕಿತು.

ದಾರಿಯಲ್ಲಿ ಅಡ್ಡಮಳೆ ಹಿಡಿಯಿತು. ಕಿಟಕಿಗಳಿಗೆ ಟಾರ್ಪಾಲು ಇಳಿಬಿಟ್ಟ ಮೇಲೆ ಒಳಗೆ ಬೀಡಿ ಹೊಗೆ, ಬೆವರು, ಕತ್ತಲೆ. ತಿರುವೊಂದರಲ್ಲಿ ಬಸ್ಸು ನಿಂತಿತು. ಮರ ಅಡ್ಡ ಬಿದ್ದಿತ್ತು. ಗಂಡಸರೆಲ್ಲ ಇಳಿದರು. ಹತ್ತಿರದ ಮನೆಯಿಂದ ಯಾರೋ ಕೊಡಲಿ ತಂದರು. ಕಡಿಯುವ ಸದ್ದು, ಗುಡುಗು, ‘ಹಿಡಿ, ಎಳಿ, ಬಿಡು’ ಎಂಬ ಕೂಗು. ನನ್ನ ನೆನಪಿನಲ್ಲಿ ಅದೊಂದು ಸಂಭ್ರಮ. ಆನಂದಪುರದಲ್ಲಿ ಇಳಿದಾಗ ರಾತ್ರಿಯಾಗಿತ್ತು, ಮಳೆ ಜಿನುಗುತ್ತಿತ್ತು. ನಮ್ಮ ಕಡೆಗೇ ಹೊರಟಿದ್ದ ಒಬ್ಬರು ತಮ್ಮ ಕೊಡೆಯನ್ನು ಬುಟ್ಟಿಗೆ ಹಿಡಿದರು, ನಾವು ಮೂವರೂ ನೆನೆಯುತ್ತ ನಡೆದೆವು. ಎರಡು ಮೈಲಿಯೂ ಅವರು ಹೇಳಿದ್ದು ಅಡಿಕೆ ಧಾರಣೆಯ ವಿಚಾರವನ್ನು. ನಾನು ತಿಳಿದವಳಂತೆ ಹೂಂಗುಟ್ಟಿದೆ.

ಅಂಗಳಕ್ಕೆ ಬಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, ‘ಬಾಸಿಂಗ ನೆನೆಯಲಿಲ್ಲ ತಾನೇ?’ ಅಜ್ಜಿ ಲಾಟೀನಿನ ಬೆಳಕಿಗೆ ಹಿಡಿದು ನೋಡಿದಳು. ವಧುವಿನ ಬಾಸಿಂಗದಲ್ಲಿ ಒಂದು ಮೊಗ್ಗು ಕಳಚಿತ್ತು. ಒಳಗಿನಿಂದ ನಾಲ್ಕು ಅಗುಳು ಅನ್ನ ತಂದು, ಬೆರಳಲ್ಲಿ ಹಿಸುಕಿ, ಮೊಗ್ಗಿನ ಬುಡಕ್ಕೆ ಸವರಿ ಅಂಟಿಸಿ, ಒಣಗುವ ತನಕ ಊದುತ್ತ ನಿಂತಳು. ‘ಇಷ್ಟು ಹೊತ್ತು ಎಲ್ಲಿದ್ದಿರಿ’ ಎಂಬ ಪ್ರಶ್ನೆ ಬಂದದ್ದು ಊಟಕ್ಕೆ ಕೂತಾಗ, ಅದೂ ಮಾತಿಗೆ ಮಾತು ಬಂದಂತೆ.

ನಮ್ಮ ಕಾಲದ ಮಕ್ಕಳಿಗೆ ಎಷ್ಟು ಸ್ವಾತಂತ್ರ್ಯವಿತ್ತು ಎಂದು ನನ್ನ ವಯಸ್ಸಿನವರು ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ತಕರಾರು. ನಮಗೆ ಸ್ವಾತಂತ್ರ್ಯವನ್ನು ಯಾರೂ ಕೊಟ್ಟಿರಲಿಲ್ಲ. ಕೆಲಸ ಕೊಟ್ಟಿದ್ದರು. ಗಿರಣಿಗೆ ಹೋಗು, ಸೊಸೈಟಿಯಲ್ಲಿ ಸೀಮೆಎಣ್ಣೆಯ ಸಾಲಿಗೆ ನಿಲ್ಲು, ದನ ಬರಲಿಲ್ಲ ಹುಡುಕಿಕೊಂಡು ಬಾ, ಆಚೆಮನೆಗೆ ಹೆಪ್ಪು ಕೊಟ್ಟು ಬಾ. ಹೋಗುವುದಕ್ಕೂ ಬರುವುದಕ್ಕೂ ನಡುವೆ ಉಳಿಯುತ್ತಿದ್ದ ಹೊತ್ತು ನಮ್ಮದು. ಅದನ್ನು ಲೆಕ್ಕ ಕೇಳಲು ದೊಡ್ಡವರಿಗೆ ಪುರುಸೊತ್ತಿರಲಿಲ್ಲ. ಮನೆಗೆ ನಾವು ಬೇಕಾಗಿದ್ದೆವು, ಆದ್ದರಿಂದ ಹೊರಗೆ ಬಿದ್ದಿದ್ದೆವು. ಬೆಂಗಳೂರಿನ ನಮ್ಮ ಮನೆಗೆ ನನ್ನ ಮಗಳಿಂದ ಆಗಬೇಕಾದ ಕೆಲಸ ಒಂದೂ ಇಲ್ಲ. ಹಾಲು, ಸೊಪ್ಪು, ಔಷಧಿ ಎಲ್ಲ ಬಾಗಿಲಿಗೆ ಬರುತ್ತವೆ. ಆ ಹುಡುಗಿಯನ್ನು ಸುಮ್ಮನೆ ‘ಹೊರಗೆ ಹೋಗು’ ಎಂದರೆ ಎಲ್ಲಿಗೆ, ಯಾಕೆ ಎಂದು ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ.

ಇನ್ನೊಂದು ಮಾತನ್ನೂ ಹೇಳಬೇಕು. ಅದಾದ ಮೂರು ವರ್ಷಕ್ಕೆ ನಾನು ದೊಡ್ಡವಳಾದೆ, ಆಮೇಲೆ ಸಾಗರಕ್ಕೆ ಯಾರೂ ನನ್ನನ್ನು ಒಬ್ಬಳನ್ನೇ ಕಳಿಸಲಿಲ್ಲ. ತಮ್ಮನಿಗೆ ಸೈಕಲ್ ಬಂತು. ಬಾಸಿಂಗದ ಬುಟ್ಟಿಯನ್ನು ಕಾಪಾಡಿಕೊಂಡು ಬಂದವಳಿಗೆ ಆನಂದಪುರದ ಅಂಚೆ ಕಚೇರಿಗೆ ಹೋಗಲೂ ಅವನ ಜೊತೆ ಬೇಕು ಎಂದರು. ಹಳೆಯ ಕಾಲವನ್ನು ಹೊಗಳುವ ಗಂಡಸರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟೇ ಹೇಳುತ್ತಾರೆ.

ನಮ್ಮ ಹಳಿಯ ಮೇಲೇ ಇರುವ ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಶಂಕರ್ ನಾಗ್ ಅವರ ಧಾರಾವಾಹಿಯ ಚಿತ್ರೀಕರಣ ಅಲ್ಲಿ ನಡೆದಿತ್ತಲ್ಲ, ಅದರ ನೆನಪಿಗೆ. ಕಳೆದ ಬೇಸಿಗೆಯಲ್ಲಿ ನಾನೂ ತಮ್ಮನೂ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಚೆನ್ನಾಗಿದೆ. ಮಕ್ಕಳು ಫೋಟೋ ತೆಗೆಸಿಕೊಂಡರು. ಚಹಾ ಕುಡಿಯುತ್ತ ನಾನು ಬಾಸಿಂಗದ ದಿನದ ಕತೆ ತೆಗೆದೆ, ಮರ ಬಿದ್ದ ಸಂಭ್ರಮವನ್ನೆಲ್ಲ ಹೇಳಿದೆ. ತಮ್ಮ ಲೋಟ ಕೆಳಗಿಟ್ಟ.

‘ಅಕ್ಕಾ, ನಿನಗದು ಸಂಭ್ರಮ. ನಾನು ಆ ಬಸ್ಸಿನಲ್ಲಿ ಚಡ್ಡಿ ಒದ್ದೆ ಮಾಡಿಕೊಂಡಿದ್ದೆ. ಮಳೆಯಲ್ಲಿ ನೆನೆದದ್ದರಿಂದ ಯಾರಿಗೂ ತಿಳಿಯಲಿಲ್ಲ. ನೀನು ಬುಟ್ಟಿಯನ್ನು ನೋಡುತ್ತಿದ್ದೆ, ನನ್ನನ್ನಲ್ಲ’ ಎಂದ. ನಗುತ್ತಲೇ ಹೇಳಿದ. ಅವನ ಮಗನ ಸೊಂಟದ ಚೀಲದಲ್ಲಿ ಅವನು ಎಲ್ಲಿದ್ದಾನೆಂದು ತೋರಿಸುವ ಪುಟ್ಟ ಬಿಲ್ಲೆಯೊಂದಿದೆ. ಅದನ್ನು ನಾನು ತಮಾಷೆ ಮಾಡುತ್ತಿದ್ದೆ, ಆವತ್ತಿನಿಂದ ಮಾಡುವುದಿಲ್ಲ.

ಆದರೂ ಒಂದು ಪ್ರಸ್ತಾಪ ಇಟ್ಟಿದ್ದೇನೆ. ಈ ಮೇ ತಿಂಗಳಲ್ಲಿ ಊರಿನಲ್ಲಿ ಉಪನಯನವಿದೆ. ಅವನ ಮಗನಿಗೂ ನನ್ನ ಮಗಳಿಗೂ ಒಂದು ಚೀಟಿ, ಒಂದು ಚೀಲ ಕೊಟ್ಟು ಆನಂದಪುರದಿಂದ ಸಾಗರಕ್ಕೆ ರೈಲು ಹತ್ತಿಸುವುದು. ಪುರೋಹಿತರು ಹೇಳಿದ ಸಾಮಾನು ತಂದು ಸಂಜೆಯೊಳಗೆ ಮನೆ ಸೇರುವುದು ಅವರ ಜವಾಬ್ದಾರಿ. ಈಗ ಬ್ರಾಡ್‌ಗೇಜ್, ಕಣ್ಣಿಗೆ ಕೆಂಡ ಬೀಳುವ ಭಯವೂ ಇಲ್ಲ. ತರಬೇಕಾದ ಸಾಮಾನು ನಿಜಕ್ಕೂ ಬೇಕಾದದ್ದೇ ಆಗಿರಬೇಕು, ಆಟಕ್ಕೆ ಕಟ್ಟಿದ ಪಟ್ಟಿ ಆಗಬಾರದು ಎನ್ನುವುದು ನನ್ನ ಷರತ್ತು. ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ಕೈಗೆ ಫೋನ್ ಕೊಡುವುದಾದರೆ ಸರಿ ಎನ್ನುತ್ತಾನೆ ತಮ್ಮ. ಕೊಟ್ಟರೆ ಹತ್ತು ನಿಮಿಷಕ್ಕೊಮ್ಮೆ ನೀನೇ ಕರೆ ಮಾಡುತ್ತೀ ಎಂದು ನಾನು. ಸ್ವಿಚ್ ಆಫ್ ಮಾಡಿ ಕೊಡೋಣ ಎನ್ನುವಲ್ಲಿಗೆ ಬಂದಿದ್ದಾನೆ. ಅಮ್ಮನನ್ನು ಕೇಳಿದೆವು. ‘ಅಷ್ಟು ಮುಖ್ಯದ ಸಾಮಾನಾದರೆ ಮಕ್ಕಳ ಕೈಯಲ್ಲಿ ಯಾರಾದರೂ ತರಿಸುತ್ತಾರೆಯೇ?’ ಎಂದಳು.